ಮೀನಕ್ಕೆ ಚಂದ್ರ ಬರುವ ಮುನ್ನ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮವರೆಲ್ಲ ಹೇಳುತ್ತಾರೆ. ಹೇಳಲಿ. ನನ್ನ ಅಣ್ಣನಂಥವನ ಜೊತೆ ಒಂದೇ ನೆಲಮಾಳಿಗೆಯಲ್ಲಿ ಕೆಲಸ ಮಾಡಿ ನೋಡಲಿ, ಆಮೇಲೆ ಬಂದು ನನಗೆ ತಾಳ್ಮೆಯ ಪಾಠ ಹೇಳಲಿ.

ಆ ನೆಲಮಾಳಿಗೆಯೇ ನಮ್ಮ ಸ್ಟುಡಿಯೋ. ಮೇಲೆ ಟಯರ್ ಅಂಗಡಿ. ಅಲ್ಲಿನ ಗಾಳಿ ತುಂಬುವ ಕಂಪ್ರೆಸರ್ ಶುರುವಾಯಿತೆಂದರೆ ನಮ್ಮ ಮೈಕುಗಳೆಲ್ಲ ಗುರ್ರೆನ್ನುತ್ತವೆ. ಆದ್ದರಿಂದ ಅವರು ಊಟಕ್ಕೆ ಕೂತಾಗ ನಾವು ಹಾಡನ್ನು ಟೇಪಿನಲ್ಲಿ ಹಿಡಿಯಬೇಕು. ಗೋಡೆಗೆಲ್ಲ ಹಳೆ ಹಾಸಿಗೆಗಳನ್ನೂ ಮೊಟ್ಟೆಯ ಟ್ರೇಗಳನ್ನೂ ಬಡಿದಿದ್ದೇವೆ. ನಡುವೆ ಒಂದು ಗಾಜಿನ ಗೋಡೆ. ಆಚೆ ಹಾಡುವವರು, ಈಚೆ ನಾನು ಮತ್ತು ನನ್ನ ಟೇಪು ಮಿಷನ್. ಅದನ್ನು ನನ್ನನ್ನು ಬಿಟ್ಟು ಬೇರೆ ಯಾರೂ ಮುಟ್ಟುವಂತಿಲ್ಲ. ಅಣ್ಣ ಗಿಟಾರ್ ನುಡಿಸುತ್ತಾನೆ, ಹಾಡು ಕಟ್ಟುತ್ತಾನೆ. ಅತ್ತಿಗೆ ಹಾಡುತ್ತಿದ್ದರು. ಡ್ರಮ್ ಬಾರಿಸುವವನನ್ನು ನಾವು ಗಡಿಯಾರ ಎಂದು ಕರೆಯುತ್ತೇವೆ, ಯಾಕೆಂದರೆ ಅವನು ಹೇಳಿದ ಹೊತ್ತಿಗೆ ಬಂದದ್ದೇ ಇಲ್ಲ.

ಆಲ್ಬಂ ಹುಟ್ಟಿದ್ದು ಅಣ್ಣನ ತಲೆಯಲ್ಲಿ. ಹನ್ನೆರಡು ರಾಶಿ, ಹನ್ನೆರಡು ಹಾಡು, ಮೇಷದಿಂದ ಹೊರಟು ಮೀನದಲ್ಲಿ ಮುಗಿಯುವ ಒಂದೇ ಕಥೆ. ಭೂಮಿಯಲ್ಲಿ ಜಾಗ ಸಿಗದ ಒಬ್ಬ ಹೆಂಗಸು ಆಕಾಶದಲ್ಲಿ ಮನೆ ಹುಡುಕಿಕೊಂಡು ರಾಶಿಯಿಂದ ರಾಶಿಗೆ ಅಲೆಯುತ್ತಾಳೆ. ಎಲ್ಲೂ ಬಾಡಿಗೆಗೂ ಮನೆ ಸಿಗುವುದಿಲ್ಲ. ಕೊನೆಗೆ ಮೀನದ ನೀರಿಗೆ ಇಳಿಯುತ್ತಾಳೆ. ಸಂಗೀತ ಸೈಕೆಡೆಲಿಕ್ ಜಾತಿಯದು. ಅಂದರೆ ಸ್ವರಗಳು ಕರಗಿ, ಹಿಗ್ಗಿ, ಒಂದಕ್ಕೊಂದು ಸುತ್ತಿಕೊಂಡು, ತಾನು ಕೂತ ಕುರ್ಚಿ ನೆಲದ ಮೇಲಿದೆಯೋ ಚಾವಣಿಯ ಮೇಲಿದೆಯೋ ಕೇಳುವವನಿಗೆ ತಿಳಿಯಬಾರದು. ಆ ಕರಗಿಸುವ, ಹಿಗ್ಗಿಸುವ ಕೆಲಸವೆಲ್ಲ ನನ್ನ ತಲೆಗೆ. ಮಿಥುನಕ್ಕೆ ಅತ್ತಿಗೆಯ ದನಿಯ ಮೇಲೆ ಅವರದೇ ಇನ್ನೊಂದು ದನಿ ಕೂರಿಸಿದೆ. ಕರ್ಕಾಟಕಕ್ಕೆ ಟೇಪನ್ನೇ ಹಿಂದುಮುಂದಾಗಿ ಓಡಿಸಿದೆ, ಏಡಿ ನಡೆದ ಹಾಗೆ. ಧನುಸ್ಸಿಗೆ ಅಣ್ಣ ಗಿಟಾರಿನ ತಂತಿಯ ಮೇಲೆ ಪಿಟೀಲಿನ ಕಮಾನು ಎಳೆದ. ಇದೆಲ್ಲ ನನಗೂ ಖುಷಿಯ ಕೆಲಸವೇ, ಇಲ್ಲವೆನ್ನುವುದಿಲ್ಲ.

ನನ್ನ ಹೊಟ್ಟೆ ಉರಿಸಿದ್ದು ಅವನ ನಿಯಮ. ಮೊದಲನೆಯ ಹಾಡು ಮೇಷ, ಒಂದೇ ಸಲಕ್ಕೆ ಒಂದು ತಪ್ಪೂ ಇಲ್ಲದೆ ಬಂತು. ಆಮೇಲೆ ಪಂಚಾಂಗ ತೆಗೆದು ನೋಡಿದರೆ ಆವತ್ತು ಚಂದ್ರ ಮೇಷ ರಾಶಿಯಲ್ಲೇ ಇದ್ದನಂತೆ. ಮುಗಿಯಿತು ಕಥೆ. ಅಂದಿನಿಂದ ಯಾವ ರಾಶಿಯ ಹಾಡಾದರೂ ಚಂದ್ರ ಆ ರಾಶಿಯಲ್ಲಿದ್ದಾಗಲೇ ಹಿಡಿಯಬೇಕು. ಚಂದ್ರ ಒಂದು ರಾಶಿಯಲ್ಲಿ ನಿಲ್ಲುವುದು ಎರಡು ದಿನ, ಮೇಲೆ ಸ್ವಲ್ಪ ಹೊತ್ತು. ಅಷ್ಟರಲ್ಲಿ ಆಗದಿದ್ದರೆ ಅವನು ಪೂರ್ತಿ ಸುತ್ತು ಹಾಕಿ ಮತ್ತೆ ಬರುವವರೆಗೆ, ಹೆಚ್ಚುಕಡಿಮೆ ಒಂದು ತಿಂಗಳು, ಕೈಕಟ್ಟಿ ಕೂರಬೇಕು. ವೃಷಭ ಬಂದಾಗ ಗಡಿಯಾರನಿಗೆ ಜ್ವರ. ಸಿಂಹ ಬಂದಾಗ ಕರೆಂಟಿಲ್ಲ. ತುಲಾ ಬಂದಾಗ ಮೇಲಿನ ಅಂಗಡಿಗೆ ಲಾರಿಗಳ ಸಾಲು, ಕಂಪ್ರೆಸರ್ ನಿಲ್ಲಲೇ ಇಲ್ಲ. ಮೀನಮೇಷ ಎಣಿಸುವುದು ಎಂದು ಜನ ಬಾಯಿಮಾತಿಗೆ ಹೇಳುತ್ತಾರೆ, ನಾವು ನಿಜವಾಗಿಯೂ ಅದನ್ನೇ ಮಾಡುತ್ತ ಕೂತಿದ್ದೆವು.

"ಜೋಯಿಸ್ರೇ, ಚಂದ್ರನಿಗೇ ಒಂದು ಫೋನ್ ಹಾಕಿ, ಯಾವಾಗ ಪುರುಸೊತ್ತು ಅಂತ ಕೇಳಿಬಿಡಿ," ಎಂದು ಗಡಿಯಾರ ಅಣ್ಣನನ್ನು ರೇಗಿಸುತ್ತಿದ್ದ.

"ಅವನಾದ್ರೂ ತಿಂಗಳಿಗೊಂದ್ಸಲ ಬರ್ತಾನೆ. ನೀನು?" ಎಂದು ಅಣ್ಣ ತಿರುಗಿಸಿ ಕೊಡುತ್ತಿದ್ದ.

ಅತ್ತಿಗೆ ಒಂದು ದೊಡ್ಡ ರಟ್ಟಿನ ಮೇಲೆ ರಾಶಿಚಕ್ರ ಬರೆದು ಗೋಡೆಗೆ ತೂಗುಹಾಕಿದ್ದರು. ಚಂದ್ರನ ಬದಲಿಗೆ ಹಳದಿ ತಲೆಯ ಒಂದು ಗುಂಡುಪಿನ್ನು. ಬೆಳಿಗ್ಗೆ ಬಂದ ಕೂಡಲೇ ಪಂಚಾಂಗ ನೋಡಿ, ಪಿನ್ನನ್ನು ಸರಿಸಬೇಕಿದ್ದರೆ ಸರಿಸಿ, ಆಮೇಲೆಯೇ ಚಹಾದ ಮಾತು. ನಂಬಿಕೆ ಅಣ್ಣನದು, ಲೆಕ್ಕ ಅತ್ತಿಗೆಯದು. ಆ ಪಂಚಾಂಗದ ಸಾಲುಗಳು ಅವರಿಗೆ ಬಾಯಿಪಾಠವಾಗಿದ್ದವು.

"ನೀವೂ ಇದನ್ನೆಲ್ಲ ನಂಬ್ತೀರಾ ಅತ್ತಿಗೆ?" ಎಂದು ಒಮ್ಮೆ ಕೇಳಿದ್ದೆ.

"ನಂಬಿಕೆ ಗಿಂಬಿಕೆ ನಂಗೊತ್ತಿಲ್ಲ ಕಣೇ. ಅವರು ಕಾಯ್ತಾರಲ್ಲ, ಆ ಕಾಯೋ ಮುಖ ನೋಡೋಕೆ ನಂಗಿಷ್ಟ."

ನಾನು ಟೇಪು ಸುತ್ತತೊಡಗಿದೆ.

ಮಕರದ ಹೊತ್ತಿಗೆ ಅತ್ತಿಗೆಯ ದನಿ ಒಡೆಯತೊಡಗಿತು. ಶೀತ ಎಂದುಕೊಂಡೆವು. ಬಿಸಿನೀರು ಕುಡಿಸಿದೆವು, ಮಾತಾಡಬೇಡಿ ಎಂದು ಗದರಿದೆವು. ನೆಲಮಾಳಿಗೆಯ ಧೂಳು ಎಂದು ನಾನು ಹಾಸಿಗೆಗಳನ್ನೆಲ್ಲ ಬಡಿದು ಬಿಸಿಲಿಗೆ ಹಾಕಿದೆ. ದನಿ ಸರಿಹೋಗಲಿಲ್ಲ. ಕೊನೆಗೆ ಆಸ್ಪತ್ರೆಗೆ ಹೋದರೆ ಗಂಟಲಲ್ಲಿ ಗಡ್ಡೆ ಎಂದರು. ಒಳ್ಳೆಯ ಗಡ್ಡೆಯಲ್ಲ.

"ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕು," ಎಂದರು ಡಾಕ್ಟರು. "ಆಮೇಲೆ ಮಾತು ಬರಲ್ಲ, ಹಾಡಂತೂ ಇಲ್ಲ. ಆದ್ರೆ ಬದುಕ್ತಾರೆ. ತಡ ಮಾಡಿದ್ರೆ ಆ ಭರವಸೆ ನಾನು ಕೊಡಕ್ಕಾಗಲ್ಲ. ಈಗ ಕೊಡ್ತಿರೋ ದಿನ ಬಿಟ್ಟುಕೊಟ್ರೆ ಮತ್ತೆ ಯಾವಾಗ ಸಿಗುತ್ತೋ ಹೇಳೋದು ಕಷ್ಟ, ಸಾಲಲ್ಲಿ ತುಂಬ ಜನ ಇದಾರೆ."

ಅವರು ಕೊಟ್ಟ ದಿನವನ್ನು ಅತ್ತಿಗೆ ಪಂಚಾಂಗದಲ್ಲಿ ನೋಡಿದರು. ಚಂದ್ರ ಮೀನಕ್ಕೆ ಕಾಲಿಡುವುದೂ ಅದೇ ದಿನ ಬೆಳಿಗ್ಗೆ. ಹಿಂದಿನ ದಿನವೇ ಆಸ್ಪತ್ರೆಗೆ ಸೇರಬೇಕು. ಅಂದರೆ ಚಂದ್ರ ಮೀನಕ್ಕೆ ಬರುವ ಹೊತ್ತಿಗೆ ಅತ್ತಿಗೆ ಆಪರೇಷನ್ ಮೇಜಿನ ಮೇಲೆ. ಉಳಿದಿದ್ದ ಹಾಡು ಎರಡೇ, ಕುಂಭ ಮತ್ತು ಮೀನ.

ಚಂದ್ರ ಕುಂಭಕ್ಕೆ ಬಂದ ರಾತ್ರಿಯೇ, ಅಂಗಡಿಯವರು ಊಟಕ್ಕೆ ಕೂತಾಗ, ಕುಂಭದ ಹಾಡನ್ನು ಒಡೆದ ದನಿಯಲ್ಲೇ ಹಿಡಿದೆವು, ಅತ್ತಿಗೆ ಖಾಲಿ ನೀರಿನ ಡ್ರಮ್ಮಿನೊಳಗೆ ತಲೆ ಹಾಕಿ ಹಾಡಿದರು. ಮಾರನೆಯ ದಿನ ಮನೆಯವರೆಲ್ಲ ನೆಲಮಾಳಿಗೆಯಲ್ಲಿ ಗಂಟುಮುಖ ಹಾಕಿಕೊಂಡು ಕೂತಿದ್ದೆವು. ನಾಳೆ ಆಸ್ಪತ್ರೆ. ಪಿನ್ನು ಇನ್ನೂ ಕುಂಭದಲ್ಲೇ ಇತ್ತು.

"ಡಾಕ್ಟರ ಹತ್ರ ಹೋಗಿಬರ್ತೀನಿ. ಆಪರೇಷನ್ ಮುಂದಕ್ಕೆ ಹಾಕಿ ಅಂತ ಕೇಳ್ತೀನಿ," ಎಂದ ಅಣ್ಣ.

"ತಲೆ ನೆಟ್ಟಗಿದೆಯಾ ನಿಂಗೆ? ಅವರು ಹೇಳಿದ್ದು ಕೇಳಿಸ್ಲಿಲ್ವಾ? ಇವತ್ತೇ ಹಾಡಿಸು. ಈಗಲೇ," ಎಂದು ನಾನು ರೇಗಿದೆ.

"ಇವತ್ತು ಕುಂಭ."

"ಕುಂಭ ಆದ್ರೇನು, ಕೊಡಪಾನ ಆದ್ರೇನು? ಚಂದ್ರನಿಗೆ ನಮ್ಮ ನೆಲಮಾಳಿಗೆ ಎಲ್ಲಿದೆ ಅಂತಾನೂ ಗೊತ್ತಿಲ್ಲ ಕಣೋ."

ಅಣ್ಣ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. "ಅವಳ ಕೊನೇ ಹಾಡು ಅದು," ಎಂದ. "ಹನ್ನೊಂದು ಹಾಡು ಅವವುಗಳ ಮನೇಲಿ ಹುಟ್ಟಿವೆ. ಇದೊಂದು ಬೇರೆಯವರ ಮನೇಲಿ ಹುಟ್ಟಬೇಕಾ? ಕತ್ತಿಗೆ ಕತ್ತಿ ಇಡಿಸಿಕೊಳ್ಳೋಕೆ ಹೊರಟಿದಾಳೆ. ಅಂಥವಳ ಕೈಲಿ ಅಪಶಕುನ ಮಾಡಿಸಿ ಕಳಿಸಲಾ?"

ನಾನು ಅತ್ತಿಗೆಯ ಕಡೆ ನೋಡಿದೆ. ಇವರಾದರೂ ಬುದ್ಧಿ ಹೇಳಲಿ ಎಂದು.

"ಕಾಯ್ತೀನಿ ಬಿಡೇ," ಎಂದರು ಅತ್ತಿಗೆ. ಅರ್ಧ ದನಿ, ಅರ್ಧ ಗಾಳಿ. "ಹಾಡದೆ ಹೋಗಿ ಆ ಮೇಜಿನ ಮೇಲೆ ಮಲಗೋಕೆ ನಂಗೂ ಮನಸಿಲ್ಲ. ಇವತ್ತು ಹಾಡಿದ್ರೆ ಇವರು ಕಿವಿಗೊಟ್ಟು ಕೇಳಲ್ಲ. ಇವರು ಕೇಳದಿದ್ದ ಮೇಲೆ ಆ ಹಾಡು ಯಾರಿಗೆ?"

ಮೈಯೆಲ್ಲ ಉರಿದುಹೋಯಿತು. ಗಂಡ ಹೆಂಡತಿ ಇಬ್ಬರೂ ಸೇರಿ ಪ್ರಾಣದ ಜೊತೆ ಆಟ ಆಡುತ್ತಿದ್ದಾರೆ, ನಾನು ಟೇಪು ಸುತ್ತುತ್ತ ಕೂರಬೇಕೆ? ಧಡಧಡ ಮೆಟ್ಟಿಲು ಹತ್ತಿ ಟಯರ್ ಅಂಗಡಿಗೆ ಹೋದೆ. ಅಲ್ಲಿ ಫೋನಿದೆ. ನಾನು ಯಾರಿಗೂ ಫೋನ್ ಮಾಡಲಿಲ್ಲ. ಫೋನಿನ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತು, ಗ್ರೀಸ್ ಮೆತ್ತಿದ ಕೌಂಟರ್ ನೋಡಿ, ಕೆಳಗಿಳಿದು ಬಂದೆ.

"ಪಂಚಾಂಗ ಅಚ್ಚು ಹಾಕಿದವರಿಗೇ ಫೋನ್ ಮಾಡಿದೆ," ಎಂದೆ. "ಈ ತಿಂಗಳ ಪುಟದಲ್ಲಿ ಅಚ್ಚಿನ ತಪ್ಪಂತೆ. ತುಂಬ ಜನ ಕೇಳಿದಾರಂತೆ. ಚಂದ್ರ ಇವತ್ತು ಬೆಳಿಗ್ಗೇನೇ ಮೀನಕ್ಕೆ ಬಂದಾಗಿದೆ." ಅಷ್ಟು ಹೇಳಿ ನಾನೇ ಹೋಗಿ ಗೋಡೆಯ ಪಿನ್ನು ಕಿತ್ತು ಮೀನಕ್ಕೆ ಚುಚ್ಚಿದೆ.

ಸುಳ್ಳು. ಶುದ್ಧ ಸುಳ್ಳು. ಇವತ್ತಿಗೂ ಅದಕ್ಕೆ ನಾಚಿಕೆಯಿಲ್ಲ ನನಗೆ. ಅಣ್ಣ ನನ್ನ ಮುಖವನ್ನೇ ನೋಡಿದ. ನಾನು ಬೈಯುತ್ತೇನೆ, ಕಿರುಚುತ್ತೇನೆ, ಆದರೆ ಕಾಗೆ ಹಾರಿಸುವವಳಲ್ಲ ಎಂದು ಅವನಿಗೆ ಗೊತ್ತು. ಅದಕ್ಕೇ ನಂಬಿದ. ಅವನ ಕಣ್ಣಲ್ಲಿ ನೀರು ಬಂತು. ಅತ್ತಿಗೆ ಪಿನ್ನನ್ನು ನೋಡಿದರು, ಆಮೇಲೆ ನನ್ನನ್ನು. ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು.

"ಹೌದಾ," ಎಂದರು. "ಸರಿ ಹಾಗಾದ್ರೆ. ನೀರು ಕೊಡು."

ಮೇಲೆ ಕಂಪ್ರೆಸರ್ ನಿಂತಿತು. ಊಟದ ಹೊತ್ತು. ಈ ಹಾಡಿಗೆ ಡ್ರಮ್ ಇರಲಿಲ್ಲ. ಆದರೂ ಗಡಿಯಾರ ಅಂದೇ ಮೊದಲ ಸಲ ಹೊತ್ತಿಗೆ ಸರಿಯಾಗಿ ಬಂದಿದ್ದ, ಯಾರೂ ಇಳಿದು ಬರದಂತೆ ಮೆಟ್ಟಿಲ ಮೇಲೆ ಕಾವಲು ಕೂತ. ಹಾಡಿಗೆ ಎಷ್ಟೋ ಮೊದಲೇ ಟೇಪು ಓಡಿಸಿಬಿಡುವುದು ನನ್ನ ಅಭ್ಯಾಸ. ಆಮೇಲೆ ಹಾಡು ಎಲ್ಲಿ ಶುರುವಾಗುತ್ತದೋ ಅಲ್ಲಿ ಟೇಪಿನ ಬೆನ್ನಿಗೆ ಬಿಳಿ ಪೆನ್ಸಿಲಿನಿಂದ ಒಂದು ಗೆರೆ ಎಳೆಯುತ್ತೇನೆ. ಗಾಜಿನಾಚೆ ಅತ್ತಿಗೆ ಮೈಕಿನ ಮುಂದೆ ನಿಂತರು. ಅಣ್ಣ ಗಿಟಾರಿನ ಮೇಲೆ ತಲೆ ಬಗ್ಗಿಸಿ ಶ್ರುತಿ ನೋಡುತ್ತಿದ್ದ. ಅತ್ತಿಗೆ ಅವನನ್ನು ಏನೋ ಕೇಳಿದರು, ಅವನು ತಲೆಯೆತ್ತಲಿಲ್ಲ. ನಾನು ಕೈಯೆತ್ತಿ ಸನ್ನೆ ಮಾಡಿದೆ.

ಆ ಹಾಡನ್ನು ಹೇಗೆ ಹೇಳಲಿ. ಒಡೆದ ದನಿ, ಮೇಲಿನ ಸ್ವರಗಳೇ ಇಲ್ಲ. ಇಲ್ಲದ ಕಡೆ ಅತ್ತಿಗೆ ಬರೀ ಉಸಿರು ಬಿಟ್ಟರು, ಆ ಉಸಿರೇ ನೀರಾಯಿತು. ಕರಗಿಸುವುದಕ್ಕೆ, ಹಿಗ್ಗಿಸುವುದಕ್ಕೆ ನನಗೆ ಅಲ್ಲಿ ಕೆಲಸವೇ ಇರಲಿಲ್ಲ. ಅಣ್ಣನ ಬೆರಳು ಅರ್ಧಕ್ಕೇ ನಿಂತುಹೋಯಿತು, ಅವನು ನುಡಿಸುವುದನ್ನು ಮರೆತು ಹೆಂಡತಿಯನ್ನು ನೋಡುತ್ತ ಕೂತ. ಅವನು ಅಷ್ಟು ಕಿವಿಗೊಟ್ಟು ಕೇಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನು ಅಳುತ್ತಿದ್ದೆ. ಒಮ್ಮೆಗೇ ಮುಗಿಯಿತು, ಎರಡನೆಯ ಸಲ ಹಾಡಿಸುವ ಮಾತೇ ಬರಲಿಲ್ಲ.

ಮಾರನೆಯ ದಿನ ಆಸ್ಪತ್ರೆಗೆ ಸೇರಿಸಿದೆವು. ಅದರ ಮಾರನೆಯ ಬೆಳಿಗ್ಗೆ ಅತ್ತಿಗೆಯನ್ನು ತಳ್ಳುಗಾಡಿಯಲ್ಲಿ ಒಳಗೆ ಕರೆದುಕೊಂಡು ಹೋದರು. ನಾವು ಹೊರಗಿನ ಬೆಂಚಿನ ಮೇಲೆ ಕೂತೆವು. ಗೋಡೆಗೆ ಹಸಿರು ಬಣ್ಣ, ಮೂಲೆಯಲ್ಲಿ ನೀರಿನ ಯಂತ್ರ, ಯಾರೋ ಓದಿ ಬಿಟ್ಟ ಆವತ್ತಿನ ದಿನಪತ್ರಿಕೆ. ಅಣ್ಣ ಕೈ ಸುಮ್ಮನಿರದೆ ಅದನ್ನು ಎತ್ತಿಕೊಂಡ. ದಿನಭವಿಷ್ಯದ ಪುಟ ತಾನೇ ಅವನಿಗೆ ಬೇಕಾದ್ದು. ಅದರ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ ಹಾಕಿದ್ದರು: ಇಂದು ಬೆಳಿಗ್ಗೆ ಚಂದ್ರ ಮೀನ ರಾಶಿಗೆ ಪ್ರವೇಶ.

ಅವನು ಪತ್ರಿಕೆಯನ್ನು ನನ್ನ ತೊಡೆಯ ಮೇಲಿಟ್ಟ. "ಇವತ್ತು," ಎಂದ. "ಮೊನ್ನೆಯಲ್ಲ. ಇವತ್ತು."

"ಹೌದು," ಎಂದೆ. "ಇನ್ನೇನು ಮಾಡ್ಬೇಕಿತ್ತು ನಾನು? ನೀನು ಅವರನ್ನ ಸಾಯಿಸ್ತಿದ್ದೆ."

ಅದೇ ಹೊತ್ತಿಗೆ ಬಾಗಿಲು ತೆರೆದು ನರ್ಸ್ ಬಂದಳು. ರಕ್ತ ಜಾಸ್ತಿ ಹೋಗ್ತಿದೆ, ಇನ್ನೂ ರಕ್ತ ಬೇಕಾಗುತ್ತೆ, ನೀವು ಇಲ್ಲೇ ಇರಿ ಎಂದು ಹೇಳಿ ಓಡಿದಳು. ತಿರುಗಿ ನೋಡಿದರೆ ಅಣ್ಣ ಇಲ್ಲ. ಎಲ್ಲೋ ಅಳಲು ಹೋಗಿದ್ದಾನೆ ಎಂದುಕೊಂಡೆ. ಗಡಿಯಾರ ರಕ್ತ ಕೊಟ್ಟ, ನಾನು ಕೊಟ್ಟೆ, ಅಣ್ಣ ಮಾತ್ರ ಪತ್ತೆಯಿಲ್ಲ. ಮಧ್ಯಾಹ್ನ ಡಾಕ್ಟರು ಹೊರಗೆ ಬಂದು, ಕಷ್ಟ ಆಯ್ತು, ಆದ್ರೆ ಪಾರಾದ್ರು ಎಂದರು. ಅವರು ಹೋದ ಮೇಲೆ ಅಣ್ಣ ಬಂದ. ಅಂಗಿಯೆಲ್ಲ ಬೆವರು, ಮುಖದ ತುಂಬ ಸಮಾಧಾನ. ಅದನ್ನು ನೋಡಿಯೇ ನನಗೆ ಹೆದರಿಕೆಯಾಯಿತು.

"ಪಾರಾದಳು ತಾನೆ? ಗೊತ್ತಿತ್ತು," ಎಂದ. "ಅಳಿಸಿಬಿಟ್ಟೆ."

"ಏನು ಅಳಿಸಿದೆ?"

"ಹಾಡು. ತಪ್ಪು ಮನೇಲಿ ಹಾಡಿಸಿದ್ದೇ ಅವಳ ಕತ್ತಿಗೆ ಸುತ್ತಿಕೊಂಡಿತ್ತು. ಅಳಿಸಿದೆ, ಬಿಡ್ತು."

ನನ್ನ ಮಿಷನ್ ಮುಟ್ಟಲು ನಾನು ಯಾರಿಗೂ ಕಲಿಸಿರಲಿಲ್ಲ. ಆದರೆ ಅಳಿಸುವುದಕ್ಕೆ ಕಲಿಯಬೇಕಾದದ್ದೇನಿದೆ? ಕೆಂಪು ಗುಂಡಿ ಒತ್ತಿ, ಟೇಪು ಓಡಲು ಬಿಟ್ಟರಾಯಿತು. ನಾನು ಅವನ ಅಂಗಿ ಹಿಡಿದು ಜಗ್ಗಿದೆ, ಗುಂಡಿಗಳು ಕಿತ್ತು ನೆಲದ ಮೇಲೆ ಬಿದ್ದವು. ಬಾಯಿಗೆ ಬಂದದ್ದೆಲ್ಲ ಬೈದೆ. ಗಡಿಯಾರ ಬಂದು ಬಿಡಿಸಿದ.

"ಬೈಯಿ," ಎಂದ ಅಣ್ಣ. "ಹೊಡಿ ಬೇಕಾದ್ರೆ. ಅವಳು ಉಳಿದಳಲ್ಲ."

ಉಳಿಸಿದ್ದು ಡಾಕ್ಟರು, ಬಾಟಲಿಗಟ್ಟಲೆ ರಕ್ತ ಎಂದು ನಾನು ಎಷ್ಟು ಹೇಳಿದರೂ ಅವನ ತಲೆಗೆ ಹೋಗಲಿಲ್ಲ. ಹೇಗೆ ಹೋದೀತು? ಅವನು ಅಳಿಸಿದ, ಅವಳು ಬದುಕಿದಳು. ಅವನ ಲೆಕ್ಕ ಅಷ್ಟೇ. ಆ ಲೆಕ್ಕ ತಪ್ಪೆಂದು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಅತ್ತಿಗೆ ಮನೆಗೆ ಬಂದರು. ಕತ್ತಿನಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ತೆಳ್ಳನೆಯ ಬಟ್ಟೆ. ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಿದ್ದರು, ನಗು ಬಂದರೆ ಹೆಗಲು ಮಾತ್ರ ಕುಣಿಯುತ್ತಿತ್ತು. ನನ್ನನ್ನು ಕಂಡಾಗಲೆಲ್ಲ ತೋರುಬೆರಳನ್ನು ಗಾಳಿಯಲ್ಲಿ ಗುಂಡಗೆ ತಿರುಗಿಸುತ್ತಿದ್ದರು, ಟೇಪಿನ ಚಕ್ರ ತಿರುಗುವ ಹಾಗೆ. ಯಾವಾಗ ಕೇಳಿಸ್ತೀಯ ಎಂದು. ಮೊದಲು ಹುಷಾರಾಗಿ ಎಂದು ನಾನು ಜಾರಿಕೊಳ್ಳುತ್ತಿದ್ದೆ.

"ನೀನೇ ಹೇಳ್ಬೇಕು," ಎಂದೆ ಅಣ್ಣನಿಗೆ.

"ಹೇಳ್ತೀನಿ. ಗಾಯ ಮಾಗಲಿ."

ಗಾಯ ಮಾಗಿತು, ಅವನು ಹೇಳಲಿಲ್ಲ. ನಾನೂ ಹೇಳಲಿಲ್ಲ. ಬಾಯಿಬಡುಕಿ ಎಂದು ಹೆಸರಾದ ನನಗೆ ಆ ಒಂದು ಮಾತು ಬರಲಿಲ್ಲ.

ಒಂದು ಮಧ್ಯಾಹ್ನ ಅತ್ತಿಗೆ ತಾವಾಗಿಯೇ ನೆಲಮಾಳಿಗೆಗೆ ಇಳಿದು ಬಂದರು, ಕತ್ತಿಗೆ ಶಾಲು ಸುತ್ತಿಕೊಂಡು. ಕಂಪ್ರೆಸರ್ ನಿಂತಿತ್ತು. ಅಣ್ಣ ಗಿಟಾರಿನ ತಂತಿ ಬದಲಿಸುತ್ತಿದ್ದ. ಅತ್ತಿಗೆ ನೇರ ಗೋಡೆಯ ಚಕ್ರದ ಹತ್ತಿರ ಹೋದರು. ಅಂದು ನಾನು ಚುಚ್ಚಿದ ಪಿನ್ನು ಮೀನದಲ್ಲೇ ಇತ್ತು, ಯಾರೂ ಮುಟ್ಟಿರಲಿಲ್ಲ. ಅದನ್ನು ಕಿತ್ತು, ಒಂದು ಮನೆ ಹಿಂದಕ್ಕೆ, ಕುಂಭಕ್ಕೆ ಚುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ, ತಮ್ಮ ಗಂಟಲು ಮುಟ್ಟಿಕೊಂಡು, ಪಿನ್ನನ್ನು ತೋರಿಸಿ, ನನ್ನ ಕಿವಿ ಹಿಡಿದು ಮೆಲ್ಲಗೆ ಹಿಂಡಿದರು. ಕಳ್ಳಿ, ನಂಗೊತ್ತಿಲ್ವಾ ಎನ್ನುವ ಹಾಗೆ. ಹೆಗಲು ಕುಣಿಯಿತು.

ಅವರಿಗೆ ಗೊತ್ತಿತ್ತು. ಪಂಚಾಂಗ ಬಾಯಿಪಾಠ ಇದ್ದವರ ಕಿವಿಗೇ ನಾನು ಹೂವು ಇಡಲು ಹೋಗಿದ್ದೆ. ಎಲ್ಲ ತಿಳಿದೇ, ಕುಂಭದಲ್ಲೇ ಮೀನವನ್ನು ಹಾಡಿದ್ದರು. ಗಂಡ ಕಿವಿಗೊಟ್ಟು ಕೇಳಿದರೆ ಅವರಿಗೆ ಸಾಕಿತ್ತು.

ಅಣ್ಣನ ಕೈಯಿಂದ ತಂತಿ ಜಾರಿತು. ಅವನ ಮುಖ ನೋಡಲಾಗಲಿಲ್ಲ ನನಗೆ. ಅಷ್ಟು ದಿನ ಅವನಿಗೆ ಆಧಾರವಾಗಿದ್ದ ಲೆಕ್ಕ ಆ ಒಂದು ಪಿನ್ನಿಗೆ ಕುಸಿದುಬಿತ್ತು: ಅಪಶಕುನವೆಂದು ಅವನು ಅಳಿಸಿದ್ದು, ಅತ್ತಿಗೆ ತಿಳಿದೇ ಅವನಿಗೆಂದು ಹಾಡಿದ್ದ ಹಾಡು.

ಅತ್ತಿಗೆ ಸ್ಟೂಲ್ ಎಳೆದುಕೊಂಡು ಸ್ಪೀಕರಿನ ಮುಂದೆ ಕೂತು, ಬೆರಳು ಗುಂಡಗೆ ತಿರುಗಿಸಿದರು.

ನಾನು ಅಣ್ಣನನ್ನು ನೋಡಿದೆ. ಅವನು ಬಿದ್ದ ತಂತಿಯನ್ನು ಎತ್ತಿಕೊಳ್ಳಲು ಬಗ್ಗಿದ. ನಾನು ಟೇಪು ತೆಗೆದು ಮಿಷನ್ನಿಗೆ ಸುತ್ತಿದೆ. ಅಳಿಸಿದ ಮೇಲೆ ನಾನು ಅದನ್ನು ಒಮ್ಮೆಯೂ ಹಾಕಿ ನೋಡಿರಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಗುಂಡಿ ಒತ್ತಿದೆ. ಕುರ್ಚಿ ಎಳೆದ ಸದ್ದು. ಅಣ್ಣ ತಂತಿ ಮೀಟಿ ಶ್ರುತಿ ನೋಡಿದ ಸದ್ದು. ಆಮೇಲೆ ಅತ್ತಿಗೆಯ ದನಿ, ಅರ್ಧ ಗಾಳಿ: "ಶುರು ಮಾಡ್ಲಾ?"

ನನ್ನ ಬಿಳಿ ಗೆರೆ ಹಾದುಹೋಯಿತು. ಅಲ್ಲಿಂದ ಮುಂದೆ ಬರೀ ಸ್ಸ್ ಎನ್ನುವ ಟೇಪಿನ ಸದ್ದು. ಅಣ್ಣ ನನ್ನ ಗೆರೆಯಿಂದಲೇ ಅಳಿಸಲು ಶುರುಮಾಡಿದ್ದ. ಹಾಡಷ್ಟೇ ಹೋಗಬೇಕು, ಉಳಿದದ್ದು ಇರಲಿ ಎಂದೋ, ಗೆರೆ ಕಂಡದ್ದರಿಂದಲೋ, ನಾನು ಕೇಳಿಲ್ಲ.

ಅತ್ತಿಗೆ ಕಣ್ಣು ಮುಚ್ಚಿಕೊಂಡು ಕಾದರು. ಬಹಳ ಹೊತ್ತು ಕಾದರು. ಆಮೇಲೆ ಕಣ್ಣು ತೆರೆದು ಮಿಷನ್ನಿನ ಮೇಲೆ ದನಿಯ ಏರಿಳಿತ ತೋರಿಸುವ ಮುಳ್ಳುಗಳನ್ನು ನೋಡಿದರು. ಮುಳ್ಳುಗಳು ಅಲ್ಲಾಡುತ್ತಿರಲಿಲ್ಲ. ಮೊದಲು ನನ್ನ ಕಡೆ ನೋಡಿದರು.

"ಅವಳಲ್ಲ," ಎಂದ ಅಣ್ಣ. "ನಾನು. ಆವತ್ತು ಆಪರೇಷನ್ ಆಗ್ತಿದ್ದಾಗ. ನಿನ್ನ ಉಳಿಸ್ಕೋಬೇಕು ಅಂತ."

ಅತ್ತಿಗೆ ಎದ್ದರು. ಚಕ್ರದಿಂದ ಪಿನ್ನು ಕಿತ್ತು, ಅಣ್ಣನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಸಿದರು. ಬೈಯಲು ಅವರಿಗೆ ದನಿಯಿರಲಿಲ್ಲ. ಇದ್ದರೂ ಬೈಯುತ್ತಿದ್ದರೋ ಇಲ್ಲವೋ. ಚಪ್ಪಲಿ ಮೆಟ್ಟಿ ಮೆಟ್ಟಿಲು ಹತ್ತಿ ಹೋದರು. ನಡುವೆ ಒಮ್ಮೆ ಉಸಿರಿಗೆಂದು ನಿಂತದ್ದು ಕೆಳಗೆ ಕೇಳಿಸಿತು.

ಅಣ್ಣನ ಗ್ರಹಚಾರ ಬಿಡಿಸಬೇಕೆಂದು ಎಷ್ಟು ದಿನದಿಂದ ಮಾತು ಕೂಡಿಟ್ಟಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಅವನು ಬೆರಳು ಬಿಚ್ಚದೆ, ಪಿನ್ನು ಚುಚ್ಚಿಕೊಂಡೇ, ನಿಂತಲ್ಲೇ ನಿಂತಿದ್ದ.

"ಇನ್ನೊಂದ್ಸಲ ಹಾಕು," ಎಂದ.

ಟೇಪು ಹಿಂದಕ್ಕೆ ಸುತ್ತಿ ಹಾಕಿದೆ. ಕುರ್ಚಿ ಎಳೆದ ಸದ್ದು. ಶ್ರುತಿ.

"ಶುರು ಮಾಡ್ಲಾ?"

"ಮಾಡು," ಎಂದ ಅಣ್ಣ.

ಮೇಲೆ ಊಟ ಮುಗಿದಿರಬೇಕು, ಕಂಪ್ರೆಸರ್ ಶುರುವಾಯಿತು. ಟೇಪು ಮುಗಿಯುವವರೆಗೂ ನಾನು ಮಿಷನ್ ನಿಲ್ಲಿಸಲಿಲ್ಲ.